ಕಂಡಕ್ಟರ್ ಇಲ್ಲದೆ ಹೊರಟ ಬಸ್ಸು

ಕಂಡಕ್ಟರಕ್ಕನ ಬಗ್ಗೆ ಹೇಳು ಅಂದರೆ ನನಗೆ ಮೊದಲು ನಗು ಬರುತ್ತದೆ, ಮಾತು ಆಮೇಲೆ. ಸ್ವಲ್ಪ ತಡೆಯಿರಿ, ನಕ್ಕು ಮುಗಿಸುತ್ತೇನೆ. ಹಾಂ, ಈಗ ಸರಿ.

ನಮ್ಮ ಶಿಕ್ಷಕರ ತರಬೇತಿ ಕಾಲೇಜಿಗೆ ಅವಳು ಸೇರಿದಾಗ ನಾವೆಲ್ಲ ಡಿಗ್ರಿ ಮುಗಿಸಿ ನೇರವಾಗಿ ಬಂದ ಎಳಸುಗಳು. ಅವಳಿಗೋ ಆಗಲೇ ಇಬ್ಬರು ಮಕ್ಕಳು, ಒಬ್ಬ ಗಂಡ, ಒಬ್ಬ ಅತ್ತೆ, ಜೊತೆಗೆ ಸಿಟಿ ಬಸ್ಸಿನಲ್ಲಿ ವರ್ಷಗಟ್ಟಲೆ ಕಂಡಕ್ಟರ್ ಆಗಿ ಕೂಗಿ ಕೂಗಿ ಹದಗೊಂಡ ಗಂಟಲು. ಮೊದಲ ದಿನ ನಾನು ಬಹಳ ಮರ್ಯಾದೆಯಿಂದ "ನೀವು ಇಲ್ಲಿ ಕೂತ್ಕೊಳ್ಳಿ" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ಗೀವು ಅಂದ್ರೆ ಮುಂದಿನ ಸ್ಟಾಪಲ್ಲಿ ಇಳಿಸಿಬಿಡ್ತೀನಿ ನೋಡು!"

ಅಂದಿನಿಂದ ಅವಳು ನನಗೆ ಅಕ್ಕ. ನಾನು ಅವಳಿಗೆ ಪಟಾಕಿ. ನನಗೆ ಮೂಗಿನ ತುದಿಯಲ್ಲೇ ಕೋಪ ಅನ್ನುವುದು ಇಡೀ ಕಾಲೇಜಿಗೆ ಗೊತ್ತಿದ್ದ ಸಂಗತಿ, ಆದರೆ ಅದಕ್ಕೆ ತಕ್ಕ ಹೆಸರಿಡುವ ಧೈರ್ಯ ಬಂದದ್ದು ಅವಳೊಬ್ಬಳಿಗೇ.

ಬಸ್ಸು ಬಿಟ್ಟು ಬಂದರೂ ಬಸ್ಸು ಅವಳನ್ನು ಬಿಟ್ಟಿರಲಿಲ್ಲ. ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ಅವಳ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. "ಬಾಗಿಲಲ್ಲಿ ನಿಲ್ಲಬೇಡಿ, ಒಳಗಡೆ ನಡೀರಿ, ಹಿಂದೆ ಜಾಗ ಇದೆ!" ಒಂದು ದಿನ ಹಾಗೆ ಬಾಗಿಲಲ್ಲಿ ನಿಂತಿದ್ದವರು ನಮ್ಮ ಪ್ರಿನ್ಸಿಪಾಲರು. ಯಾವ ಮಾತು ಶುರುಮಾಡಿದರೂ "ಸಂಯಮ, ಸಂಯಮ" ಎಂದೇ ಶುರುಮಾಡುತ್ತಿದ್ದ ಅವರನ್ನು ನಾವು ಸಂಯಮ ಸಾರ್ ಎಂದು ಕರೆಯುತ್ತಿದ್ದೆವು. ಬೆನ್ನ ಹಿಂದೆ ಆ ದನಿ ಬಿದ್ದದ್ದೇ ತಡ, ಪಾಪ, ಮನುಷ್ಯ ಹಿಂತಿರುಗಿ ನೋಡದೆ ನಡೆದುಹೋಗಿ ಕೊನೆಯ ಬೆಂಚಿನಲ್ಲಿ ಕೂತುಬಿಟ್ಟರು. ಕೂತ ಮೇಲೆ ತಾವು ಯಾರೆಂದು ಅವರಿಗೇ ನೆನಪಾಯಿತು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ಅದೂ ಪುಸ್ತಕ ಅಡ್ಡ ಹಿಡಿದುಕೊಂಡು.

ಇವಳು ಟೀಚರಾಗಲು ಹೊರಟ ಕಥೆಯೂ ಬಸ್ಸಿನದ್ದೇ. ಶಾಲೆಯ ಮಕ್ಕಳು ಅವಳ ಬಸ್ಸಿಗೆ ದಂಡುದಂಡಾಗಿ ಹತ್ತುತ್ತಿದ್ದರು. ಅವರ ಗಲಾಟೆ ತಡೆಯಲಾರದೆ ಒಂದು ಆಟ ಹುಟ್ಟುಹಾಕಿದಳು. ಈ ಸ್ಟಾಪಿನಲ್ಲಿ ಎಷ್ಟು ಜನ ಇಳಿದರು, ಎಷ್ಟು ಜನ ಹತ್ತಿದರು, ಈಗ ಬಸ್ಸಿನಲ್ಲಿ ಎಷ್ಟು ಜನ? ಮಕ್ಕಳಿಗೆ ಹುಚ್ಚೇ ಹಿಡಿಯಿತು. ತಮ್ಮ ಸ್ಟಾಪು ಬಂದರೂ ಇಳಿಯದೆ ಕೂರತೊಡಗಿದರು. ತಾಯಂದಿರು ಸ್ಟಾಪಿನಲ್ಲಿ ನಿಂತು ಕಿಟಕಿಯೊಳಗೆ ಕೈ ಹಾಕಿ ಎಳೆದುಕೊಳ್ಳಬೇಕಾಯಿತು. ಆ ಬಸ್ಸಿನ ಡ್ರೈವರ್ ಬೇರೆ ಯಾರೂ ಅಲ್ಲ, ಅವಳ ಗಂಡನೇ. ಒಂದು ದಿನ ಅವನು ಕನ್ನಡಿಯಲ್ಲಿ ಇದನ್ನೆಲ್ಲ ನೋಡಿ "ನೀನು ಟೀಚರಾಗ್ಬೇಕಿತ್ತು ಕಣೇ, ಇಲ್ಲೇನು ಮಾಡ್ತಿದ್ದೀಯ?" ಅಂದ. ಅವನು ತಮಾಷೆಗೆ ಅಂದದ್ದು. ಇವಳು ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಳು. ಬಿಟ್ಟ ಕೆಲಸ ಮತ್ತೆ ಸಿಗುವಂತಿರಲಿಲ್ಲ, ಅವಳ ಜಾಗದಲ್ಲಿ ಆಗಲೇ ಬೇರೊಬ್ಬಳು ಸೀಟಿ ಊದುತ್ತಿದ್ದಳು. ಇದೊಂದು ಮಾತು ನಿಮಗೆ ನೆನಪಿರಲಿ.

ಅವಳ ಮನೆಗೆ ನಾನು ಹೋಗುತ್ತಿದ್ದೆ. ಎರಡೇ ಕೋಣೆ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಅಲ್ಲಿ ಮಾತಿಗಿಂತ ಸೀಟಿಯೇ ಹೆಚ್ಚು ನಡೆಯುತ್ತಿತ್ತು. ಒಂದು ಸೀಟಿ ಅಂದರೆ ನಿಲ್ಲು, ಎರಡು ಸೀಟಿ ಅಂದರೆ ಹೊರಡು. ಗಂಡ ಸ್ನಾನಕ್ಕೆ ಹೋಗಿ ಹೊರಗೆ ಬಾರದಿದ್ದರೆ ಎರಡು ಸೀಟಿ. ಮಕ್ಕಳು ಜಗಳಕ್ಕೆ ನಿಂತರೆ ಒಂದು ಸೀಟಿ. ಸಂಜೆ ಹೊತ್ತು ಅವಳು ಪಾಠ ಹೇಳುವ ಅಭ್ಯಾಸ ಮಾಡಿಕೊಳ್ಳುವಾಗ ಇಡೀ ಮನೆಯೇ ತರಗತಿ. ಅದರಲ್ಲಿ ಅತಿ ತುಂಟ ವಿದ್ಯಾರ್ಥಿನಿ ಅವಳ ಅತ್ತೆ. ಮುಕ್ಕಾಲಿ ಎಳೆದುಕೊಂಡು ಮುಂದೆಯೇ ಕೂತು ಸ್ವಂತ ಮೊಮ್ಮಗಳ ಮೇಲೆ ಚಾಡಿ ಹೇಳುತ್ತಿದ್ದರು.

"ಟೀಚರ್, ಇವಳು ನನ್ನ ಪೆನ್ಸಿಲ್ ಕದ್ದಳು!"

"ಅತ್ತೆ, ಸುಮ್ನೆ ಕೂತ್ಕೊಳ್ಳಿ."

"ಅತ್ತೆ ಯಾರು? ನಾನು ಮೂರನೇ ಕ್ಲಾಸು. ಟೀಚರ್, ಒಂದಕ್ಕೆ ಹೋಗ್ಲಾ?"

ಬಿಟ್ಟರೆ ಹೋದವರು ಬರುತ್ತಲೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಹರಟೆ ಹೊಡೆಯುತ್ತ ಕೂತಿರುತ್ತಿದ್ದರು.

ಇನ್ನು ನನ್ನ ವಿಷಯ. ನಾನು ನಮ್ಮ ವಿದ್ಯಾರ್ಥಿ ಶಿಕ್ಷಕರ ಸಂಘದ ಕಾರ್ಯದರ್ಶಿ. ಅಂದರೆ ನಾಳೆ ಟೀಚರಾಗುವವರು ಇವತ್ತೇ ಒಟ್ಟುಗೂಡಿ ಕಟ್ಟಿಕೊಂಡ ಸಂಘ. ಅನುಭವಸ್ಥ ಟೀಚರುಗಳನ್ನು ಕರೆಸಿ ಮೊದಲ ತರಗತಿಯಲ್ಲಿ ಕಾಲು ನಡುಗದಂತೆ ಮಾಡುವುದು ಹೇಗೆ ಅಂತ ಕೇಳುತ್ತಿದ್ದೆವು. ನಿಯಮಗಳು ಏನಿವೆ ಅಂತ ಓದಿ ಎಲ್ಲರಿಗೂ ಹೇಳುತ್ತಿದ್ದೆವು. ಯಾರಿಗಾದರೂ ತೊಂದರೆಯಾದರೆ, ವಿಚಾರಣೆ ಗಿಚಾರಣೆ ಅಂತ ಕರೆದರೆ, ಪಕ್ಕದಲ್ಲಿ ಹೋಗಿ ಕೂರುತ್ತಿದ್ದೆವು. ಇಷ್ಟನ್ನೂ ನಾನು ಕಂಡಕ್ಟರಕ್ಕನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

"ಬಸ್ಸಲ್ಲಿದ್ದಾಗ ನಮಗೂ ಸಂಘ ಇತ್ತಲ್ಲೇ. ಟೀಚರಾದ ಮೇಲೆ ಸೇರ್ತೀನಿ ಬಿಡು. ಇನ್ನೂ ಬಸ್ಸೇ ಹತ್ತಿಲ್ಲ, ಆಗ್ಲೇ ಟಿಕೆಟ್ ಹರೀತಿದ್ದೀಯಲ್ಲ!"

"ಅಕ್ಕ, ಹತ್ತೋವಾಗ್ಲೇ ಅಲ್ವಾ ಕಾಲು ಜಾರೋದು?"

"ಅಬ್ಬಬ್ಬಾ, ಏನು ಮಾತು! ಸಿಡಿದಿದ್ದು ಸಾಕು, ಬಾ, ಚಹಾ ಕುಡಿ."

ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಆದರೆ ಚಹಾ ಕುಡಿದೇ ಬರುತ್ತಿದ್ದೆ. ಸತ್ಯ ಹೇಳಬೇಕೆಂದರೆ ಸಂಘದಲ್ಲಿ ಇದ್ದವರೂ ಅಷ್ಟಕ್ಕಷ್ಟೇ. ಸಭೆಗೆ ಬನ್ನಿ ಅಂದರೆ ತಲೆನೋವು, ಹೊಟ್ಟೆನೋವು, ಅಕ್ಕನ ಮಗಳ ನಿಶ್ಚಿತಾರ್ಥ. ತಪ್ಪದೆ ಬರುತ್ತಿದ್ದವನು ಒಬ್ಬನೇ. ಅವನನ್ನು ನಾವು ಮೌನಿ ಎಂದು ಕರೆಯುತ್ತಿದ್ದೆವು. ಬರುತ್ತಿದ್ದ, ಮೂಲೆಯಲ್ಲಿ ಕೂರುತ್ತಿದ್ದ, ಎಲ್ಲದಕ್ಕೂ ತಲೆಯಾಡಿಸುತ್ತಿದ್ದ, ಹೋಗುತ್ತಿದ್ದ. ಇವನು ಮಕ್ಕಳಿಗೆ ಪಾಠ ಹೇಗೆ ಹೇಳುತ್ತಾನಪ್ಪಾ ಅಂತ ನಾನೇ ತಲೆ ಕೆರೆದುಕೊಂಡಿದ್ದೇನೆ.

ಹೀಗಿರುವಾಗ ಪಾಠಾಭ್ಯಾಸದ ದಿನಗಳು ಬಂದವು. ತರಬೇತಿಯವರನ್ನೆಲ್ಲ ಬೇರೆ ಬೇರೆ ಶಾಲೆಗಳಿಗೆ ಹಂಚಿ, ನಿಜವಾದ ಮಕ್ಕಳ ಮುಂದೆ ನಿಲ್ಲಿಸುತ್ತಾರೆ. ನಾವು ಪಾಠ ಮಾಡಬೇಕು, ತರಗತಿಯ ಟೀಚರು ಕೊನೆಯ ಬೆಂಚಿನಲ್ಲಿ ಕೂತು ನೋಡುತ್ತಿರಬೇಕು. ನಾನು ಮತ್ತು ಅಕ್ಕ ಒಂದೇ ಶಾಲೆಗೆ ಬಿದ್ದೆವು. ನನಗೆ ಮೇಲಿನ ಮಹಡಿ, ಅವಳಿಗೆ ಕೆಳಗಿನ ಮೂರನೇ ತರಗತಿ. ನನ್ನ ತರಗತಿಯ ಟೀಚರು ಕೊನೆಯ ಬೆಂಚಿನಲ್ಲೇನೋ ಇರುತ್ತಿದ್ದರು, ನಿದ್ದೆ ಮಾಡಿಕೊಂಡು. ಅಕ್ಕನ ತರಗತಿಯ ಟೀಚರು ಬಹಳ ಒಳ್ಳೆಯ ಹೆಂಗಸು, ಆದರೆ ಅವರನ್ನು ಮುಖ್ಯೋಪಾಧ್ಯಾಯಿನಿ ದಿನಾ ಬೆಳಿಗ್ಗೆಯೇ ಆಫೀಸಿನ ಕೆಲಸಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಅದು ಸಾಲದೆಂದು ಪಕ್ಕದ ನಾಲ್ಕನೇ ತರಗತಿಯ ಟೀಚರು ರಜೆ ಹಾಕಿದಾಗ ಅದನ್ನೂ ಇವಳ ಕೊರಳಿಗೇ ಕಟ್ಟಿದರು. "ಹೇಗೂ ನೀವಿದ್ದೀರಲ್ಲ" ಅಂದರಂತೆ. ಅಕ್ಕ ಹಿಗ್ಗಿದಳು. ತನ್ನ ಮೇಲೆ ಎಷ್ಟು ನಂಬಿಕೆ ನೋಡು ಅಂತ ನನ್ನ ಮುಂದೆ ಜಂಬ ಬೇರೆ ಕೊಚ್ಚಿಕೊಂಡಳು. ಆಗಲೇ ನಾನು ಜಗಳ ತೆಗೆಯುತ್ತಿದ್ದೆ, ಆದರೆ ಅವಳು ಹೇಳಿದ್ದು ಟೀಚರ್ ಹಿಂದೆ ಕೂತಿರುವ ಮೂರನೇ ತರಗತಿಯೊಂದರ ವಿಷಯ ಅಂತ ನಾನು ತಿಳಿದುಕೊಂಡಿದ್ದೆ.

ಅವಳ ಕಳೆಯುವ ಲೆಕ್ಕದ ಪಾಠ ನೋಡಬೇಕಿತ್ತು ನೀವು. ಬೆಂಚುಗಳನ್ನೆಲ್ಲ ಎರಡು ಸಾಲಾಗಿ ಜೋಡಿಸಿ ತರಗತಿಯನ್ನೇ ಬಸ್ಸು ಮಾಡಿಬಿಟ್ಟಿದ್ದಳು. ಮುಂದಿನ ಬೆಂಚಿನಲ್ಲಿ ಒಬ್ಬ ಪುಟ್ಟ ಡ್ರೈವರ್, ಅವನ ಕೈಯಲ್ಲಿ ಸ್ಟೀರಿಂಗ್ ಅಂತ ಊಟದ ತಟ್ಟೆ, ಬಾಯಲ್ಲಿ ಅಲ್ಲಾಡುವ ಒಂದು ಹಲ್ಲು. ಒಂದು ಸೀಟಿಗೆ ಬಸ್ಸು ನಿಲ್ಲುತ್ತಿತ್ತು, ಒಂದಷ್ಟು ಮಕ್ಕಳು ಇಳಿಯುತ್ತಿದ್ದರು, ಉಳಿದವರು ಎಷ್ಟು ಅಂತ ಲೆಕ್ಕ. ಎರಡು ಸೀಟಿಗೆ ಬಸ್ಸು ಹೊರಡುತ್ತಿತ್ತು, ಅಂದರೆ ಕೂತಲ್ಲೇ "ಡುರ್ರ್" ಅಂತ ಎಲ್ಲರೂ ಅಲ್ಲಾಡುತ್ತಿದ್ದರು. ಕಳೆಯುವ ಲೆಕ್ಕ ಅಂದರೆ ಅಳುತ್ತಿದ್ದ ಮಕ್ಕಳು ಈಗ ಮನೆಗೆ ಹೋಗಲು ಒಲ್ಲೆ ಅನ್ನತೊಡಗಿದ್ದರು.

ಅವತ್ತು ಬಸ್ಸು ಸ್ಟಾಪಿನಲ್ಲಿ ನಿಂತಿತ್ತು. ಪಕ್ಕದ ನಾಲ್ಕನೇ ತರಗತಿಯಲ್ಲಿ ಯುದ್ಧ ಶುರುವಾದ ಸದ್ದು. ಅಕ್ಕ ಬಾಗಿಲಿಗೆ ಓಡುತ್ತ ಮೂರನೇ ತರಗತಿಗೆ ಕಟ್ಟಪ್ಪಣೆ ಮಾಡಿದಳು.

"ಎರಡು ಸೀಟಿ ಕೇಳಿಸೋವರೆಗೂ ಬಸ್ಸು ಹೊರಡೋ ಹಾಗಿಲ್ಲ, ಗೊತ್ತಾಯ್ತಾ?"

"ಗೊತ್ತಾಯ್ತು ಮಿಸ್!"

ಬಂಗಾರದಂಥ ಮಕ್ಕಳು, ಅಲ್ಲಾಡದೆ ಕೂತರು. ಅಷ್ಟರಲ್ಲಿ ಹೊರಗೆ ಮೈದಾನದಲ್ಲಿ ಡ್ರಿಲ್ ಮಾಸ್ತರು ತಮ್ಮ ಪಾಡಿಗೆ ತಾವು ಸೀಟಿ ಊದಿದರು. ಒಂದಲ್ಲ, ಎರಡು.

ಬಸ್ಸು ಹೊರಟಿತು. ಈ ಸಲ ಕೂತಲ್ಲೇ ಅಲ್ಲ, ನಿಜವಾಗಿ. ಸ್ಟಾಪಿನಲ್ಲಿ ಇಳಿದು ನಿಂತಿದ್ದ ಮಕ್ಕಳಿಗೆ ಬಸ್ಸು ತಪ್ಪಿಹೋಗುತ್ತದೆಂಬ ಗಾಬರಿ, ಓಡಿಬಂದು ಮುಂದಿನ ಬೆಂಚನ್ನು ಹಿಂದಿನಿಂದ ತಳ್ಳಿದರು. ನೆಲ ನುಣುಪು, ಬಾಗಿಲು ಅಗಲ, ಹೊರಗಿನ ಪಡಸಾಲೆ ಆಫೀಸಿನ ಕಡೆಗೆ ಇಳಿಜಾರು. ಇನ್ನೇನು ಬೇಕು? ಡ್ರೈವರ್ ತಟ್ಟೆ ತಿರುಗಿಸಿದ, ಬೆಂಚು ಬಾಗಿಲು ದಾಟಿತು, ಹಿಂದೆ ಇಡೀ ಮೂರನೇ ತರಗತಿ "ಡುರ್ರ್" ಅನ್ನುತ್ತ ಓಡಿತು. ಆ ಸದ್ದಿಗೆ ನನ್ನ ಟೀಚರಿಗೂ ಎಚ್ಚರವಾಯಿತು ಅಂದರೆ ಲೆಕ್ಕ ಹಾಕಿ. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಬೆಂಚು ಆಫೀಸಿನ ಎದುರಿಗಿದ್ದ ಗಾಜಿನ ಬೀರುವಿಗೆ ಹೋಗಿ ಒರಗಿತ್ತು. ಶಾಲೆ ಗೆದ್ದ ಕಪ್ಪುಗಳೆಲ್ಲ ಒಳಗೆ ಒಂದರ ಮೇಲೊಂದು ಬಿದ್ದು ಠಣಠಣ ಅನ್ನುತ್ತಿದ್ದವು. ಗಾಜು ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಯಾರಿಗೂ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಡ್ರೈವರಿನ ಹಲ್ಲು ಮಾತ್ರ ಕೈಗೆ ಬಂದಿತ್ತು. ಅವನು ಅದನ್ನು ಎತ್ತಿ ಹಿಡಿದು, ಆಫೀಸಿನಿಂದ ಹೊರಬಂದು ಬಾಗಿಲಲ್ಲೇ ಕಲ್ಲಾಗಿ ನಿಂತಿದ್ದ ಮುಖ್ಯೋಪಾಧ್ಯಾಯಿನಿಯನ್ನು ಕೇಳಿದ:

"ಮಿಸ್, ಇದು ಕೊನೇ ಸ್ಟಾಪಾ?"

ಆಗ ನಾಲ್ಕನೇ ತರಗತಿಯಿಂದ ಕಂಡಕ್ಟರಕ್ಕ ಏದುಸಿರು ಬಿಡುತ್ತ ಓಡಿಬಂದಳು. ಬಾಗಿಲಲ್ಲಿ ಯಾರೋ ನಿಂತಿರುವುದು ಕಾಣಿಸಿತು. ಅಯ್ಯೋ, ಬೇಡ ಅಕ್ಕ, ಬೇಡ ಅಂತ ನಾನು ಮನಸ್ಸಿನಲ್ಲೇ ಕಿರುಚಿಕೊಂಡೆ.

"ಬಾಗಿಲಲ್ಲಿ ನಿಲ್ಲಬೇಡಿ, ಒಳಗಡೆ ನಡೀರಿ!"

ಅಲ್ಲಿಗೆ ಮುಗಿಯಿತು. ಮುಖ್ಯೋಪಾಧ್ಯಾಯಿನಿ ಅವತ್ತೇ ನಮ್ಮ ಕಾಲೇಜಿಗೆ ದೂರು ಕೊಟ್ಟರು. ತರಗತಿ ನಿಭಾಯಿಸಲು ಬಾರದವಳು, ಶಿಸ್ತಿಲ್ಲದವಳು, ದೊಡ್ಡವರಿಗೆ ಮರ್ಯಾದೆ ಕೊಡದವಳು, ಇವಳನ್ನು ತರಬೇತಿಯಿಂದಲೇ ತೆಗೆದುಹಾಕಬೇಕು. ಸಂಯಮ ಸಾರ್ ವಿಚಾರಣೆಗೆ ದಿನ ಗೊತ್ತುಮಾಡಿದರು.

ನಾನು ಅವಳ ಮನೆಗೆ ಹೋದೆ. ಮನೆಯಲ್ಲಿ ಸೀಟಿಯಿಲ್ಲ, ಸದ್ದಿಲ್ಲ. ಅತ್ತೆ ಅಭ್ಯಾಸಬಲದಿಂದ ಮುಕ್ಕಾಲಿ ಹಾಕಿಕೊಂಡು ಮುಂದೆಯೇ ಕೂತಿದ್ದರು, ಆದರೆ ಪಾಠ ಹೇಳುವವರು ಗೋಡೆ ನೋಡುತ್ತಿದ್ದರು.

"ಒಪ್ಕೊಂಡುಬಿಡ್ತೀನಿ ಕಣೇ ಪಟಾಕಿ," ಅಂದಳು. "ತಪ್ಪು ನನ್ನದೇ. ನಿಭಾಯಿಸೋಕೆ ಆಗ್ಲಿಲ್ಲ. ನಾನು ಬಸ್ಸಿಗೇ ಸರಿ, ಕ್ಲಾಸಿಗಲ್ಲ. ಈಗ ಬಸ್ಸೂ ಇಲ್ಲ."

"ಆ ಹೊತ್ತಲ್ಲಿ ನೀನೆಲ್ಲಿದ್ದೆ?"

"ನಾಲ್ಕನೇ ಕ್ಲಾಸಲ್ಲಿ."

"ನಾಲ್ಕನೇ ಕ್ಲಾಸ್ ಯಾಕೆ ನಿಂಗೆ? ಮೂರನೇ ಕ್ಲಾಸಿನ ಟೀಚರ್ ಎಲ್ಲಿದ್ರು?"

ಆಗ ಎಲ್ಲ ಹೊರಬಿತ್ತು. ನಾನು ಕೂತಲ್ಲಿಂದ ಎದ್ದುನಿಂತೆ.

"ಅಕ್ಕ! ತರಬೇತಿಯವರನ್ನ ಒಬ್ಬರನ್ನೇ ಕ್ಲಾಸಲ್ಲಿ ಬಿಡೋ ಹಾಗೇ ಇಲ್ಲ! ನಿಯಮ ಇದೆ! ಒಂದು ಕ್ಲಾಸಲ್ಲೇ ಬಿಡೋ ಹಾಗಿಲ್ಲ, ಅಂಥದ್ರಲ್ಲಿ ನಿನಗೆ ಎರಡು ಕೊಟ್ಟಿದ್ದಾರೆ!"

ಅವಳು ನನ್ನ ಮುಖವನ್ನೇ ನೋಡಿದಳು. "ಹೌದಾ? ಒಬ್ಬಳೇ ನಿಭಾಯಿಸೋದೇ ಪರೀಕ್ಷೆ ಅಂದ್ಕೊಂಡಿದ್ದೆ ನಾನು."

"ಹೇಳೋಕೆ ಅಂತಾನೇ ಸಂಘ ಇರೋದು! ಸಭೆಗೆ ಬಾ ಅಂದ್ರೆ ನಂಗೆ ಚಹಾ ಕುಡಿಸಿ ಕಳಿಸ್ತಿದ್ದೆ!"

"ಕಿರುಚಬೇಡ್ವೇ, ಪಕ್ಕದ ಮನೆಯವರು ಬರ್ತಾರೆ."

"ಬರ್ಲಿ! ನೋಡು, ವಿಚಾರಣೇಲಿ ನಾನು ನಿನ್ನ ಪಕ್ಕ ಕೂರ್ತೀನಿ. ಆದ್ರೆ ಸದಸ್ಯರ ಪಕ್ಕ ಮಾತ್ರ ಕೂರೋಕೆ ಬಿಡ್ತಾರೆ. ಸೇರ್ಕೋ."

ಅವಳು ತಲೆ ತಗ್ಗಿಸಿದಳು. "ಇಷ್ಟು ದಿನ ಬೇಡ ಅಂದು ಈಗ ಓಡೋ ಬಸ್ಸಿಗೆ ಕೈ ಅಡ್ಡ ಹಿಡಿಯೋದಾ? ನಾಚಿಕೆ ಆಗುತ್ತೆ ಕಣೇ."

"ಓಡಿಕೊಂಡು ಬರೋರನ್ನ ಬಿಟ್ಟು ಹೋಗ್ತಿದ್ದೆಯಾ ನೀನು?"

ಉತ್ತರ ಕೊಟ್ಟದ್ದು ಅವಳಲ್ಲ, ಅಡುಗೆಮನೆಯ ಬಾಗಿಲಲ್ಲಿ ಒರಗಿ ನಿಂತಿದ್ದ ಗಂಡ. "ಎಲ್ಲಿ ಬಿಡ್ತಾಳೆ! ಯಾರೇ ಓಡಿಬಂದ್ರೂ ಒಂದು ಸೀಟಿ. ಇವಳಿಂದಾಗಿ ನನ್ನ ಬಸ್ಸು ಒಂದು ದಿನಾನೂ ಟೈಮಿಗೆ ಹೋಗಿಲ್ಲ."

"ಹಾಗಾದ್ರೆ ನಾವೂ ನಿಲ್ಲಿಸ್ತೀವಿ," ಅಂದೆ ನಾನು.

ಅತ್ತೆ ಮುಕ್ಕಾಲಿ ಬಿಟ್ಟೆದ್ದರು. "ಸೈನ್ ಹಾಕ್ತೀಯೋ, ಇಲ್ಲ ನಾನೇ ಸೇರಿಬಿಡ್ಲಾ? ಏನಮ್ಮ ಪಟಾಕಿ, ನನ್ನಂಥೋರನ್ನ ತಗೋತೀರಾ?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ, ಕಣ್ಣು ಒರೆಸಿಕೊಳ್ಳುತ್ತಲೇ ಸೈನ್ ಹಾಕಿದಳು.

ವಿಚಾರಣೆಯ ದಿನ ನಾನು ಸಂಘದ ಎಲ್ಲರಿಗೂ ಬರಲು ಹೇಳಿದ್ದೆ. ಆಶ್ಚರ್ಯವೆಂದರೆ ಎಲ್ಲರೂ ಬಂದು ಹೊರಗೆ ಪಡಸಾಲೆಯಲ್ಲಿ ಗುಂಪಾಗಿ ನಿಂತಿದ್ದರು. ಒಳಗೆ ಸಂಯಮ ಸಾರ್, ಅವರ ಪಕ್ಕ ಮುಖ್ಯೋಪಾಧ್ಯಾಯಿನಿ, ಎದುರಿಗೆ ಅಕ್ಕ, ಅವಳ ಪಕ್ಕ ನಾನು.

"ಸಂಯಮ, ಸಂಯಮ," ಎಂದು ಶುರುಮಾಡಿದರು ಸಾರ್, ಇನ್ನೂ ಯಾರೂ ಬಾಯಿ ತೆರೆಯುವ ಮುಂಚೆಯೇ.

"ಒಂದು ಕ್ಲಾಸ್ ನಿಭಾಯಿಸೋಕೆ ಬರಲ್ಲ ಇವರಿಗೆ," ಎಂದರು ಮುಖ್ಯೋಪಾಧ್ಯಾಯಿನಿ.

"ಒಂದಲ್ಲ ಮೇಡಂ, ಎರಡು," ಅಂದೆ. "ಎರಡರಲ್ಲೂ ಟೀಚರ್ ಇರ್ಲಿಲ್ಲ."

"ಅದು ಅಪರೂಪಕ್ಕೆ ಅವತ್ತೊಂದು ದಿನ ಆಗಿದ್ದು. ತರಬೇತಿಯವರನ್ನ ಹಾಗೆ ಒಬ್ಬೊಬ್ಬರನ್ನೇ ಎಲ್ಲೂ ಬಿಡೋದಿಲ್ಲ. ಬೇರೆ ಯಾರಾದ್ರೂ ದೂರು ಹೇಳಿದ್ದಾರಾ?"

ಯಾರೂ ಹೇಳಿರಲಿಲ್ಲ. ಪಾಠಾಭ್ಯಾಸ ಹೇಗಾಯಿತು ಅಂತ ನಾನು ಕೇಳಿದಾಗಲೆಲ್ಲ ಎಲ್ಲರೂ "ಚೆನ್ನಾಗಾಯ್ತು" ಅಂದಿದ್ದರು, ಮೌನಿ ಎಂದಿನಂತೆ ತಲೆಯಾಡಿಸಿದ್ದ. ಆದರೂ ಹಾಗೆ ಅನ್ನುವಾಗ ಅವರು ಎತ್ತಲೋ ನೋಡುತ್ತಿದ್ದದ್ದು ನನಗೆ ಆಗ ನೆನಪಿಗೆ ಬಂತು. ಎದ್ದುಹೋಗಿ ಬಾಗಿಲು ಪೂರ್ತಿ ತೆರೆದೆ.

"ಕ್ಲಾಸಲ್ಲಿ ಒಬ್ಬೊಬ್ಬರನ್ನೇ ಬಿಟ್ಟುಹೋಗಿದ್ದು ಯಾರ್ಯಾರನ್ನ? ಒಳಗೆ ಬನ್ನಿ."

ಯಾರೂ ಅಲ್ಲಾಡಲಿಲ್ಲ. ಕೆಲವರು ಚಪ್ಪಲಿ ನೋಡಿಕೊಂಡರು, ಕೆಲವರು ಸೂರು ನೋಡಿದರು. ಅಕ್ಕನ ಕಥೆ ಮುಗಿಯಿತು, ನನ್ನಿಂದಲೇ ಮುಗಿಯಿತು ಅನ್ನಿಸಿತು.

ಆಗ ಗುಂಪನ್ನು ಸರಿಸಿಕೊಂಡು ಒಳಗೆ ಬಂದವನು ಮೌನಿ.

"ನನ್ನನ್ನ ಬಿಟ್ಟಿದ್ರು ಸಾರ್," ಅಂದ. ಅವನ ದನಿ ನಾನು ಮೊದಲ ಸಲ ಕೇಳಿದ್ದು. ಚೆನ್ನಾಗಿಯೇ ಇತ್ತು. "ಮಕ್ಕಳು ನನ್ನನ್ನ ಭೂಪಟ ಇಡೋ ಬೀರುವಿನೊಳಗೆ ಹಾಕಿ ಬೀಗ ಹಾಕಿದ್ರು."

ಸಂಯಮ ಸಾರ್ ಮುಂದಕ್ಕೆ ಬಾಗಿದರು.

"ಆಮೇಲೆ?"

"ಒಳಗಿಂದಾನೇ ಪಾಠ ಮುಗಿಸ್ದೆ ಸಾರ್. ನದಿಗಳ ಪಾಠ. ಗಂಟೆ ಹೊಡೆಯೋಕೆ ಬಂದ ಜವಾನ ಬೀಗ ತೆಗೆದ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ, ನಾನೇ ಇರಬೇಕು. ಪಡಸಾಲೆಯಲ್ಲಿ ನಗು ಸಿಡಿಯಿತು, ಮೌನಿಯೂ ನಕ್ಕ. ಆ ನಗುವಿನಲ್ಲೇ ಒಬ್ಬಳು ಒಳಗೆ ನುಗ್ಗಿದಳು. "ನನ್ನ ಕ್ಲಾಸಿನ ಮಕ್ಕಳು ಇವತ್ತು ಅರ್ಧ ದಿನ ರಜೆ ಮಿಸ್ ಅಂದ್ರು ಸಾರ್, ನಾನು ಎಲ್ರನ್ನೂ ಮನೆಗೆ ಕಳಿಸಿಬಿಟ್ಟೆ! ಕೇಳೋಣ ಅಂದ್ರೆ ಯಾರೂ ಇರ್ಲಿಲ್ಲ!" ಇನ್ನೊಬ್ಬ: "ನಾನು ಬೋರ್ಡಿನ ಮೇಲೆ ಬರೆದು ತಿರುಗೋಷ್ಟರಲ್ಲಿ ಕ್ಲಾಸ್ ಖಾಲಿ. ಒಂದೇ ಒಂದು ಮಗು ಕೂತಿತ್ತು. ಯಾಕಪ್ಪಾ ನೀನು ಹೋಗ್ಲಿಲ್ಲ ಅಂದ್ರೆ, ನಿಮಗೆ ಬೇಜಾರಾಗಬಾರದು ಅಂತ ಕೂತಿದ್ದೀನಿ ಸಾರ್ ಅಂತು." ಮತ್ತೊಬ್ಬಳು, ಮಗದೊಬ್ಬ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಇಷ್ಟು ದಿನ ಎಲ್ಲರೂ ತಾನೊಬ್ಬನೇ ದಡ್ಡ, ತಾನೊಬ್ಬಳೇ ಕೈಲಾಗದವಳು ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಒಬ್ಬೊಬ್ಬರೇ ಇದ್ದಾಗ ಅದು ಅವರವರ ತಪ್ಪಾಗಿತ್ತು. ಈಗ ನೋಡಿದರೆ ಯಾರ ತಪ್ಪೂ ಅಲ್ಲ, ಎಲ್ಲರನ್ನೂ ಹಾಗೆ ಬಿಟ್ಟುಹೋದದ್ದೇ ತಪ್ಪು. ನನಗೆ ಕುಣಿಯುವಂತಾಯಿತು, ನಿಜ ಹೇಳುತ್ತೇನೆ.

ಬಾಗಿಲಲ್ಲಿ ನೂಕುನುಗ್ಗಲು ಶುರುವಾಯಿತು. ಅದನ್ನು ನೋಡಿದ ಕಂಡಕ್ಟರಕ್ಕನಿಗೆ ತಡೆಯಲಾಗುವುದುಂಟೇ? ಎದ್ದುನಿಂತಳು.

"ಬಾಗಿಲಲ್ಲಿ ನಿಲ್ಲಬೇಡಿ, ಒಳಗಡೆ ನಡೀರಿ, ಜಾಗ ಇದೆ!"

ಎಲ್ಲರೂ ಸರಸರ ಒಳಗೆ ಬಂದರು. ಮುಖ್ಯೋಪಾಧ್ಯಾಯಿನಿ ಕೂಡ ಕುರ್ಚಿ ಸರಿಸಿ ಜಾಗ ಕೊಟ್ಟರು. ಆಮೇಲೆ ಅಕ್ಕ ಸಾರ್ ಕಡೆ ತಿರುಗಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

"ಎರಡು ಬಸ್ಸಿಗೆ ಒಬ್ಬಳೇ ಕಂಡಕ್ಟರನ್ನ ಹಾಕಿದ್ರೆ ಒಂದು ಬಸ್ಸು ಕಂಡಕ್ಟರ್ ಇಲ್ದೇ ಹೊರಡುತ್ತೆ ಸಾರ್. ಗಾಜು ಒಡೆದಿದ್ದಕ್ಕೆ ಬೈರಿ, ಕೇಳ್ತೀನಿ. ಮೇಡಮ್ಮಿಗೆ ಹಾಗಂದಿದ್ದಕ್ಕೆ ಕೈ ಮುಗಿದು ಕೇಳ್ಕೋತೀನಿ, ಬಾಯಿ ಅಭ್ಯಾಸ, ಕ್ಷಮಿಸಿ. ಆದ್ರೆ ನನ್ನನ್ನ ಇಳಿಸಬೇಡಿ."

ಸಂಯಮ ಸಾರ್ ಕನ್ನಡಕ ತೆಗೆದು ಒರೆಸಿದರು. ಅವರ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೋ ಅಂತ ನನಗೆ ಗಾಬರಿಯಾಯಿತು. ನಗುತ್ತಿದ್ದರು.

"ಬೀರುವಿನೊಳಗಿಂದ ನದಿಗಳು!" ಅಂದರು. "ನೀನೇ ವಾಸಿಯಪ್ಪ. ನನ್ನನ್ನೂ ಮೊದಲ ಪಾಠಕ್ಕೆ ಒಬ್ಬನನ್ನೇ ಬಿಟ್ಟುಹೋಗಿದ್ರು. ನಾನು ಕಿಟಕಿಯಿಂದ ಹಾರಿ ಓಡಿಹೋದೆ. ಹೂವಿನ ಗಿಡದ ಮೇಲೆ ಬಿದ್ದೆ. ಅವತ್ತಿಂದ ದಿನಾ ಸಂಯಮ, ಸಂಯಮ ಅಂತ ನನಗೆ ನಾನೇ ಹೇಳ್ಕೊಂಡು ಬಂದಿದ್ದೀನಿ. ಇದನ್ನ ನನ್ನ ಹೆಂಡತಿಗೂ ಹೇಳಿಲ್ಲ."

ಆಗ ಯಾರೂ ನಗಲಿಲ್ಲ. ಅಷ್ಟು ವರ್ಷ ಆ ಮನುಷ್ಯ ಅದನ್ನು ಎದೆಯೊಳಗೆ ಇಟ್ಟುಕೊಂಡು ತಿರುಗಿದ್ದರಲ್ಲ ಅಂತ ನನಗೆ ಪಾಪ ಅನ್ನಿಸಿತು.

"ಯಾರಿಗಾದ್ರೂ ಹೇಳ್ಬೇಕಿತ್ತು ಸಾರ್," ಅಂದಳು ಅಕ್ಕ ಮೆತ್ತಗೆ.

"ಯಾರಿದ್ರಮ್ಮ ಆಗ?" ಅಂದರು ಸಾರ್.

ಅಕ್ಕನನ್ನು ಇಳಿಸಲಿಲ್ಲ. ಅದೇ ಪಾಠವನ್ನು ಅದೇ ಶಾಲೆಯಲ್ಲಿ ಮತ್ತೆ ಮಾಡಬೇಕು, ಟೀಚರ್ ಹಿಂದಿನ ಬೆಂಚಿನಲ್ಲಿ ಕೂತಿರಲೇಬೇಕು, ಇನ್ನು ಮುಂದೆ ಯಾವ ಶಾಲೆಯಲ್ಲಾದರೂ ತರಬೇತಿಯವರನ್ನು ಒಬ್ಬೊಬ್ಬರನ್ನೇ ಬಿಟ್ಟರೆ ಸಂಘ ನೇರವಾಗಿ ತಮ್ಮ ಬಳಿ ಬರಬೇಕು ಎಂದು ಸಾರ್ ಅಲ್ಲೇ ತೀರ್ಮಾನ ಹೇಳಿದರು. ಮುಖ್ಯೋಪಾಧ್ಯಾಯಿನಿಗೆ ಮುಖ ಸಪ್ಪಗಾಯಿತು, ಆದರೂ ಒಪ್ಪಿದರು. ಆ ಪಾಠದ ದಿನ ನಾನೂ ಹೋಗಿದ್ದೆ. ತರಗತಿಯ ಟೀಚರು ಹಿಂದೆ ಕೂತು ಎಲ್ಲ ಮಕ್ಕಳಿಗಿಂತ ಜೋರಾಗಿ "ಡುರ್ರ್" ಅನ್ನುತ್ತಿದ್ದರು. ಡ್ರೈವರಿಗೆ ಹೊಸ ಹಲ್ಲು ಇಣುಕುತ್ತಿತ್ತು. ಡ್ರಿಲ್ ಮಾಸ್ತರನ್ನು ಮಾತ್ರ ಆ ಹೊತ್ತಿಗೆ ಸೀಟಿ ಕಸಿದುಕೊಂಡು ಸ್ಟಾಫ್ ರೂಮಿನಲ್ಲಿ ಕೂರಿಸಿದ್ದೆವು.

ಮರುವರ್ಷ ಹೊಸಬರು ಬಂದ ದಿನ ಕಾಲೇಜಿನ ಗೇಟಿನ ಬಳಿ ಸಂಘದ ಮೇಜು ಹಾಕಿದೆವು. ಕೂಗಿ ಕರೆಯಲು ನಾನು ಬೇಕಾಗಲೇ ಇಲ್ಲ. ಕಂಡಕ್ಟರಕ್ಕ ಗೇಟಿನಲ್ಲಿ ನಿಂತು "ಬನ್ನಿ ಬ‌ನ್ನಿ, ಜಾಗ ಇದೆ, ಕೂತ್ಕೊಂಡು ಹೋಗ್ಬಹುದು!" ಅಂತ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಮೇಜಿನ ಹಿಂದೆ ಮೌನಿ ಕೂತಿದ್ದ. ಒಬ್ಬಳು ಚೂಟಿ ಹುಡುಗಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾನಿನ್ನೂ ಟೀಚರೇ ಆಗಿಲ್ಲ. ಈಗ್ಲೇ ಯಾಕೆ ಸಂಘ? ಆದ್ಮೇಲೆ ನೋಡೋಣ."

ಅಕ್ಕ ನನ್ನ ಕಡೆ ನೋಡಿದಳು, ನಾನು ಅಕ್ಕನ ಕಡೆ ನೋಡಿದೆ. ನನಗೆ ನಗು ಒತ್ತರಿಸಿ ಬರುತ್ತಿತ್ತು. ಅಕ್ಕ ಏನೋ ಹೇಳಲು ಬಾಯಿ ತೆರೆದಳು, ಆದರೆ ಅವಳಿಗಿಂತ ಮುಂಚೆ ಮೌನಿ ಮಾತಾಡಿದ.

"ನನ್ನನ್ನ ಬೀರುವಿನೊಳಗೆ ಹಾಕಿ ಬೀಗ ಹಾಕಿದಾಗ ನಾನೂ ಟೀಚರಾಗಿರ್ಲಿಲ್ಲ," ಅಂದ. "ತುಂಬಾ ಕೂಗಿದೆ. ಯಾರಿಗೂ ಕೇಳಿಸ್ಲಿಲ್ಲ. ಬೇರೆ ದಾರಿ ಇಲ್ದೇ ಪಾಠ ಶುರುಮಾಡ್ದೆ."

ಹುಡುಗಿ ನಗಲೋ ಬೇಡವೋ ಅಂತ ಅವನನ್ನೇ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಪೆನ್ನು ಕೊಡಿ ಅಂದಳು.

ಅಕ್ಕ ಎರಡು ಸೀಟಿ ಊದಿದಳು.